ಮಗ ಸಮುದ್ರದ ರಿಗ್‌ಗೆ ಹೊರಟಿದ್ದಾನೆ, ಕಳಿಸಬಹುದಾ?

ಪ್ರಶ್ನೆ: ನಮ್ಮದು ನಾಪೋಕ್ಲು ಹತ್ತಿರ ಸಣ್ಣ ಕಾಫಿ ತೋಟ. ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಸ್ವಲ್ಪ ಕಾಲ ಮೈಸೂರಿನ ಕಾರ್ಖಾನೆಯಲ್ಲಿದ್ದ. ಈಗ ಮುಂಬೈ ಆಚೆ ಸಮುದ್ರದಲ್ಲಿ ಎಣ್ಣೆ ತೆಗೆಯುವ ಕಡೆ ರೌಸ್ಟಬೌಟ್ ಕೆಲಸ ಸಿಕ್ಕಿದೆ. ಕಂಪನಿ ನೇರವಾಗಿ ತೆಗೆದುಕೊಂಡಿಲ್ಲ, ಗುತ್ತಿಗೆದಾರರ ಮೂಲಕ. ನಮ್ಮ ಯಜಮಾನರು ಸೈನ್ಯದಲ್ಲಿದ್ದವರು. 'ಗಡಿಯಲ್ಲಿ ನಾನು ಇರಲಿಲ್ವಾ? ಮೇಲಿನವರು ಹೇಳಿದ್ದು ಕೇಳಿಕೊಂಡು ಇದ್ದರೆ ಏನೂ ಆಗಲ್ಲ' ಅನ್ನುತ್ತಾರೆ. ನನಗೆ ಭಯ. ಹುಡುಗನಿಗೆ ಈಜು ಅಷ್ಟಕ್ಕಷ್ಟೆ. ಅಪಾಯ ನಿಜವಾಗಿ ಎಂಥದ್ದು? ಹೋಗುವ ಮೊದಲು ಏನೇನು ವಿಚಾರಿಸಬೇಕು? ಹುತ್ತರಿಗಾದರೂ ರಜೆ ಸಿಗುತ್ತಾ?

ಉತ್ತರ: ನೇರವಾಗಿಯೇ ಹೇಳುತ್ತೇನೆ ಅಕ್ಕ, ಕಳಿಸಬಹುದು. ಆದರೆ ಗುತ್ತಿಗೆದಾರರಿಗೆ ಕೆಲವು ಪ್ರಶ್ನೆ ಕೇಳಿ, ಉತ್ತರ ಸರಿ ಸಿಕ್ಕಿದ ಮೇಲೆ. ಅವರು ತಡವರಿಸಿದರೆ ಆ ಕೆಲಸ ಬೇಡ. ಹುಡುಗನ ಕೈಯಲ್ಲಿ ಡಿಪ್ಲೊಮಾ ಇದೆ, ಇನ್ನೊಂದು ಸಿಗುತ್ತದೆ.

ನಾನು ಪಶ್ಚಿಮ ಕರಾವಳಿಯಾಚೆಯ ರಿಗ್‌ಗಳಲ್ಲಿ ಸುರಕ್ಷತೆಯ ಕೆಲಸ ನೋಡಿಕೊಂಡಿದ್ದು, ಈಗ ಗೋಣಿಕೊಪ್ಪದಲ್ಲಿ ಕಾಫಿ ಮೆಣಸು ಅಂತ ಇರುವವನು. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ನಿಮ್ಮ ಯಜಮಾನರ ಮಾತು. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಸೈನ್ಯದ ಶಿಸ್ತು ರಿಗ್‌ನಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಹೊತ್ತಿಗೆ ಸರಿಯಾಗಿ ಏಳುವುದು, ಸಾಮಾನು ಅದರದರ ಜಾಗದಲ್ಲಿ ಇಡುವುದು, ಸೈರನ್ ಕೂಗಿದ ಕೂಡಲೇ ಚಹಾ ಲೋಟ ಅಲ್ಲೇ ಬಿಟ್ಟು ಓಡುವುದು, ಇದನ್ನೆಲ್ಲ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪೆನ್ಷನ್ ಆದ ಮೇಲೆ ಬಂದ ನಮ್ಮ ಕಡೆಯ ಹವಾಲ್ದಾರರು, ಸುಬೇದಾರರು ನನ್ನ ಜೊತೆ ಇದ್ದರು. ಒಳ್ಳೆ ಕೆಲಸಗಾರರು. ಅವರಿಗೆ ಕಷ್ಟ ಆಗುತ್ತಿದ್ದದ್ದು ಒಂದೇ ಕಡೆ. ಮೇಲಿನವರು ಒಂದು ಕೆಲಸ ಹೇಳಿದಾಗ, 'ಸ್ವಲ್ಪ ತಡೀರಿ ಸಾರ್, ಇದು ಸರಿ ಕಾಣ್ತಿಲ್ಲ' ಅನ್ನುವುದು ಅವರ ಬಾಯಲ್ಲಿ ಬರುತ್ತಿರಲಿಲ್ಲ.

ರಿಗ್‌ನಲ್ಲಿ ಇದಕ್ಕೆ 'ಸ್ಟಾಪ್ ವರ್ಕ್' ಅಂತಾರೆ. ಅಡುಗೆಯವನಿಂದ ಹಿಡಿದು ನಿನ್ನೆ ಬಂದ ಹುಡುಗನವರೆಗೆ ಯಾರು ಬೇಕಾದರೂ ಕೈ ಎತ್ತಿ ಕೆಲಸ ನಿಲ್ಲಿಸಬಹುದು. ಹಾಗೆ ನಿಲ್ಲಿಸಿದವರನ್ನು ಯಾರೂ ಬಯ್ಯುವಂತಿಲ್ಲ. ಗೋಡೆ ಗೋಡೆಯ ಮೇಲೆ ಅದರ ಪೋಸ್ಟರ್ ಇರುತ್ತದೆ. ಆದರೆ ಗುತ್ತಿಗೆಯ ಡಾಂಗರಿ (ಮೈಪೂರ್ತಿ ಮುಚ್ಚುವ ಕೆಲಸದ ಬಟ್ಟೆ) ಹಾಕಿಕೊಂಡ ಹೊಸ ಹುಡುಗ, ಒಪ್ಪಂದ ಮುಂದುವರಿಯುತ್ತೋ ಇಲ್ಲವೋ ಅನ್ನುವ ಹೆದರಿಕೆಯಲ್ಲಿ ಇರುವವನು, ಅಷ್ಟು ಸುಲಭಕ್ಕೆ ಬಾಯಿ ಬಿಡುವುದಿಲ್ಲ. ನಿಮ್ಮ ಮಗ ಮನೆಯಿಂದ ಕಲಿತು ಹೋಗಬೇಕಾದದ್ದು ಆ ಬಾಯಿ ಬಿಡುವುದನ್ನು. ಹೆಲ್ಮೆಟ್ಟು, ಬೂಟು ಅಲ್ಲೇ ಕೊಡುತ್ತಾರೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ದೊಡ್ಡ ಅನಾಹುತಗಳನ್ನು ಬಿಚ್ಚಿ ನೋಡಿದರೆ ಒಳಗೆ ಸಿಗುವುದು ಇಂಥದ್ದೇ.

1988ರ ಜುಲೈ 6. ಸ್ಕಾಟ್ಲೆಂಡಿನ ಆಚೆ ಉತ್ತರ ಸಮುದ್ರದಲ್ಲಿ ಪೈಪರ್ ಆಲ್ಫಾ ಅಂತ ಎಣ್ಣೆ, ಗ್ಯಾಸ್ ತೆಗೆಯುವ ಒಂದು ಪ್ಲಾಟ್‌ಫಾರ್ಮ್, ಅಂದರೆ ಸಮುದ್ರದ ನಡುವೆ ಕಂಬಗಳ ಮೇಲೆ ನಿಂತ ಕಟ್ಟೆ. ಅಲ್ಲಿ ಎ ಮತ್ತು ಬಿ ಅಂತ ಎರಡು ಪಂಪ್. ಒಂದು ನಡೆಯುವಾಗ ಇನ್ನೊಂದು ಬದಲಿಗೆ. ಹಗಲು ಪಾಳಿಯವರು ಎ ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿ ಪರೀಕ್ಷೆಗೆ ತೆಗೆದುಕೊಂಡು ಹೋದರು. ವಾಲ್ವ್ ಇದ್ದ ಬಾಯಿಗೆ ಸದ್ಯಕ್ಕೆ ಅಂತ ಒಂದು ಕಬ್ಬಿಣದ ತಟ್ಟೆ ಕೂರಿಸಿದರು. ಸಂಜೆಯೊಳಗೆ ಕೆಲಸ ಮುಗಿಯಲಿಲ್ಲ. ಪಾಳಿ ಬದಲಾಯಿತು. ವಾಲ್ವ್ ಬಿಚ್ಚಿಟ್ಟಿದೆ ಅನ್ನುವ ಮಾತು ರಾತ್ರಿಯವರಿಗೆ ದಾಟಲಿಲ್ಲ. ಅದರ ಪರ್ಮಿಟ್ ಕಾಗದ, ಅಂದರೆ ಆ ಕೆಲಸಕ್ಕೆ ಬರೆದು ಕೊಟ್ಟ ಅನುಮತಿ, ಅವರ ಕಣ್ಣಿಗೆ ಬೀಳಲಿಲ್ಲ. ರಾತ್ರಿ ಹತ್ತಕ್ಕೆ ಸ್ವಲ್ಪ ಮೊದಲು ಬಿ ಪಂಪ್ ನಿಂತುಹೋಯಿತು. ಎ ಪಂಪ್ ಶುರು ಮಾಡಿದರು. ತಟ್ಟೆಯ ಸಂದಿಯಿಂದ ಅನಿಲ ಹೊರಗೆ ಬಂತು, ಕಿಡಿ ತಾಗಿತು, ಸ್ಫೋಟ ಆಯಿತು.

ಆ ಮೊದಲ ಸ್ಫೋಟಕ್ಕೇ ಎಲ್ಲರೂ ಸತ್ತಿದ್ದಲ್ಲ. ಆಮೇಲೆ ಬೆಂಕಿ ಆರಲೇ ಇಲ್ಲ. ಪಕ್ಕದ ಎರಡು ಪ್ಲಾಟ್‌ಫಾರ್ಮ್‌ಗಳಿಂದ ಎಣ್ಣೆ ಪಂಪ್ ಆಗುತ್ತಲೇ ಇತ್ತು. ದೂರದಲ್ಲಿ ಉರಿ ಕಾಣುತ್ತಿದ್ದರೂ, ಮೇಲಿನವರು ಹೇಳದೆ ನಿಲ್ಲಿಸುವುದು ಹೇಗೆ ಅಂತ ಅಲ್ಲಿನವರು ಹಿಂಜರಿದರು. ಪೈಪರ್‌ನಲ್ಲಿ ಬಹಳ ಜನ ಊಟದ ಹಾಲಿನಲ್ಲಿ ಸೇರಿ ಹೆಲಿಕಾಪ್ಟರ್ ಬರುತ್ತದೆ, ಯಾರಾದರೂ ಅಪ್ಪಣೆ ಕೊಡುತ್ತಾರೆ ಅಂತ ಕಾದರು. ಹೊಗೆ ತುಂಬಿ ಅಲ್ಲೇ ಹೋದರು. ಒಟ್ಟು 167 ಜನ ಸತ್ತರು. ಬದುಕಿದವರು 61 ಮಂದಿ. ಅದರಲ್ಲಿ ಎಷ್ಟೋ ಜನ, ಇಲ್ಲಿ ಕಾದರೆ ಉಳಿಗಾಲ ಇಲ್ಲ ಅಂತ ತಾವೇ ದಾರಿ ಹುಡುಕಿಕೊಂಡು ಕೆಳಗಿಳಿದವರು, ನೀರಿಗೆ ಹಾರಿದವರು. ಲಾರ್ಡ್ ಕಲೆನ್ ನಡೆಸಿದ ತನಿಖೆಯ ವರದಿ 1990ರಲ್ಲಿ ಬಂತು. ಅದರಲ್ಲಿ 106 ಶಿಫಾರಸುಗಳಿದ್ದವು. ಇವತ್ತು ಸಮುದ್ರದ ಕೆಲಸದಲ್ಲಿ ನಡೆಯುವ ಪರ್ಮಿಟ್ ಪದ್ಧತಿ, ಪಾಳಿ ಬದಲಾಗುವಾಗಿನ ಕಟ್ಟುನಿಟ್ಟು, ಇದಕ್ಕೆಲ್ಲ ಗಟ್ಟಿ ರೂಪ ಬಂದದ್ದು ಆ ವರದಿಯ ನಂತರ. ನಮ್ಮಲ್ಲೂ 2008ರಲ್ಲಿ ಸಮುದ್ರದ ತೈಲ ಕೆಲಸಕ್ಕೆ ಪ್ರತ್ಯೇಕ ಸುರಕ್ಷತಾ ನಿಯಮ ಬಂತು. ಅದನ್ನು ನೋಡಿಕೊಳ್ಳುವುದು ಓಐಎಸ್‌ಡಿ ಅನ್ನುವ ಸರ್ಕಾರಿ ನಿರ್ದೇಶನಾಲಯ.

ಇದನ್ನು ನಿಮ್ಮ ಯಜಮಾನರಿಗೆ ಅರ್ಥ ಮಾಡಿಸುವುದು ಕಷ್ಟ ಅಲ್ಲ. ಮನೆಯಲ್ಲಿ ಕೋವಿ ಇರಬೇಕಲ್ವಾ? 'ಖಾಲಿ ಇದೆ, ತಗೋ' ಅಂತ ಸ್ವಂತ ಅಣ್ಣನೇ ಕೊಟ್ಟರೂ, ಬಿಚ್ಚಿ ನಳಿಗೆಯೊಳಗೆ ಕಣ್ಣು ಹಾಯಿಸದೆ ಅವರು ಅದನ್ನು ಹೆಗಲಿಗೆ ಹಾಕುವುದಿಲ್ಲ. ಅಣ್ಣನಿಗೂ ಅದರಲ್ಲಿ ಬೇಜಾರಿಲ್ಲ. ರಿಗ್‌ನಲ್ಲಿ ಒಂದು ಮೋಟರಿಗೋ ಪೈಪಿಗೋ ಕೈ ಹಾಕುವಾಗಲೂ ಅಷ್ಟೇ. ಕರೆಂಟ್ ತೆಗೆದಿದೆ ಅಂತ ಎಲೆಕ್ಟ್ರಿಷಿಯನ್ ಹೇಳಿದರೆ ಸಾಲದು. ಸ್ವಿಚ್ಚಿಗೆ ಬೀಗ ಬಿದ್ದಿರಬೇಕು. ಬೀಗದ ಮೇಲೆ ಯಾರ ಹೆಸರು, ಯಾವ ಕೆಲಸ ಅಂತ ಚೀಟಿ ನೇತಾಡಬೇಕು. ಕೀಲಿ ಕೆಲಸ ಮಾಡುವವನ ಜೇಬಿನಲ್ಲಿ ಇರಬೇಕು, ಇಲ್ಲವಾದರೆ ಆಫೀಸಿನ ಪೆಟ್ಟಿಗೆಯಲ್ಲಿ. ಆಮೇಲೂ ಒಮ್ಮೆ ಸ್ಟಾರ್ಟ್ ಬಟನ್ ಒತ್ತಿ, ಮೋಟರ್ ತಿರುಗಲ್ಲ ಅಂತ ಕಣ್ಣಾರೆ ನೋಡಬೇಕು. ಈ ಕೊನೆಯ ಒತ್ತುವಿಕೆಯನ್ನು ಬಿಡುವವರೇ ಜಾಸ್ತಿ. 'ನಾನೂ ಒಮ್ಮೆ ನೋಡ್ತೀನಿ' ಅಂತ ಮಗ ಹೇಳಿದರೆ ನಕ್ಕವರು ನಗಲಿ.

ಇನ್ನು ದಿನದಿನದ ಅಪಾಯ. ಸ್ಫೋಟ, ಬೆಂಕಿ ಪತ್ರಿಕೆಯಲ್ಲಿ ಬರುತ್ತವೆ. ರೌಸ್ಟಬೌಟ್ ಕೆಲಸದ ಹುಡುಗರಿಗೆ ಸಾಮಾನ್ಯವಾಗಿ ಪೆಟ್ಟಾಗುವುದು ಕೈಗೆ, ಬೆರಳಿಗೆ, ಕಾಲಿಗೆ. ರೌಸ್ಟಬೌಟ್ ಅಂದರೆ ಡೆಕ್ಕಿನ ಮೇಲೆ ಎಲ್ಲಾ ಕೆಲಸಕ್ಕೂ ಕೈ ಕೊಡುವವನು. ಹಡಗಿನಿಂದ ಕ್ರೇನ್ ಎತ್ತಿ ತಂದ ಸಾಮಾನು ಇಳಿಸಿಕೊಳ್ಳಬೇಕು, ಪೈಪ್ ಜೋಡಿಸಬೇಕು, ಡೆಕ್ ತೊಳೆಯಬೇಕು, ಬಣ್ಣ ಹೊಡೆಯಬೇಕು. ಕ್ರೇನಿನ ತುದಿಯಲ್ಲಿ ಟನ್‌ಗಟ್ಟಲೆ ಭಾರದ ಪೆಟ್ಟಿಗೆ ತೂಗಾಡುತ್ತಾ ಬರುತ್ತದೆ. ಅದಕ್ಕೆ ಕಟ್ಟಿದ ಹಗ್ಗ ಹಿಡಿದು ತಿರುಗಿಸುವುದು ಇವನ ಕೆಲಸ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬಾರದು. ಪೆಟ್ಟಿಗೆಗೂ ಗೋಡೆಗೂ ನಡುವೆ ನಿಲ್ಲಬಾರದು. ಪೆಟ್ಟಿಗೆ ಇಳಿಯುವ ಮೊದಲೇ, ಅದು ಈ ಕಡೆ ವಾಲಿದರೆ ನಾನು ಯಾವ ಕಡೆ ಓಡುತ್ತೇನೆ ಅಂತ ನೋಡಿಟ್ಟುಕೊಂಡಿರಬೇಕು. ಹೊಸಬರು ಮಾಡುವ ಕೆಲಸ ಒಂದಿದೆ: ಪೆಟ್ಟಿಗೆ ಸ್ವಲ್ಪ ಓರೆ ಕೂತರೆ, ಅಂಗೈಯಲ್ಲಿ ತಳ್ಳಿ ಸರಿ ಮಾಡಲು ಹೋಗುವುದು. ಸಮುದ್ರ ಉಸಿರಾಡಿದ ಹಾಗೆ ಹಡಗು ಏರಿ ಇಳಿಯುವಾಗ ಆ ಒಂದು ಗೇಣಿನ ಸಂದಿ ಯಾವಾಗ ಮುಚ್ಚುತ್ತದೆ ಅಂತ ಹೇಳಲಾಗದು.

ಬೆರಳಿನ ಉಂಗುರ, ಕೈಯ ಕಡಗ ಮನೆಯಲ್ಲೇ ಬಿಟ್ಟು ಹೋಗಲಿ. ಏಣಿ ಇಳಿಯುವಾಗ ಕೊಕ್ಕೆಗೆ ಉಂಗುರ ಸಿಕ್ಕಿಕೊಂಡು ಮೈ ಭಾರವೆಲ್ಲ ಆ ಬೆರಳಿನ ಮೇಲೆ ಬಿದ್ದರೆ, ಬೆರಳಿನ ಚರ್ಮವೇ ಕಳಚಿ ಬರುತ್ತದೆ. ಇದನ್ನು ನಾನು ಹೆದರಿಸಲು ಹೇಳುತ್ತಿಲ್ಲ, ಉಂಗುರ ತೆಗೆಸಲು ಹೇಳುತ್ತಿದ್ದೇನೆ.

ಮೇಲಿನಿಂದ ಬೀಳುವ ಸಾಮಾನು ಇನ್ನೊಂದು. ರಿಗ್‌ನ ಡೆರಿಕ್ ಅಂದರೆ ನಡುವೆ ನಿಂತ ಕಬ್ಬಿಣದ ಗೋಪುರ. ಅದರ ಮೇಲೆ, ಸುಮಾರು 40 ಮೀಟರ್ ಎತ್ತರದಲ್ಲಿ ಒಬ್ಬನ ಕೈಯಿಂದ ಸ್ಪ್ಯಾನರ್ ಜಾರಿತು ಅಂದುಕೊಳ್ಳಿ. ಕೆಳಗೆ ತಲುಪುವಾಗ ಅದರ ವೇಗ ಗಂಟೆಗೆ 100 ಕಿಲೋಮೀಟರ್ ಆಗಿರುತ್ತದೆ. ಅದಕ್ಕೆ ಹೆಲ್ಮೆಟ್ ಏನೂ ಮಾಡದು. ಆದ್ದರಿಂದ ಮೇಲೆ ಹೋಗುವ ಪ್ರತಿ ಸಾಮಾನಿಗೂ ಹಗ್ಗ ಕಟ್ಟಿರುತ್ತಾರೆ. ಮೇಲೆ ಕೆಲಸ ನಡೆಯುವಾಗ ಕೆಳಗೆ ಅಡ್ಡಗಟ್ಟಿ ಯಾರನ್ನೂ ಬಿಡುವುದಿಲ್ಲ. ಬಾವಿ ಕೊರೆಯುವ ಕಟ್ಟೆಯಾದ ಡ್ರಿಲ್ ಫ್ಲೋರಿನಲ್ಲಿ ಕೆಂಪು ಬಣ್ಣ ಬಳಿದ ಜಾಗ ಇರುತ್ತದೆ. ಯಂತ್ರ ಓಡುವಾಗ ಅದನ್ನು ನಡೆಸುವ ಡ್ರಿಲ್ಲರ್ ಒಪ್ಪದೆ ಅಲ್ಲಿ ಕಾಲಿಡುವಂತಿಲ್ಲ. ಸುಮ್ನೆ ಒಂದು ಫೋಟೋ ತೆಗೆಯೋಣ ಅಂತ ಕೂಡ ಇಲ್ಲ. ಮೊಬೈಲನ್ನು ಡೆಕ್ಕಿಗೆ ತರಲು ಹೇಗೂ ಬಿಡುವುದಿಲ್ಲ, ಕಿಡಿಯ ಭಯಕ್ಕೆ.

ಗ್ಯಾಸಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಭೂಮಿಯೊಳಗಿಂದ ಬರುವ ಗ್ಯಾಸಿನಲ್ಲಿ ಕೆಲವು ಕಡೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಸ್ವಲ್ಪ ಇದ್ದಾಗ ಮೂಗಿಗೆ ಜೋರಾಗಿ ಹೊಡೆಯುತ್ತದೆ. ಜಾಸ್ತಿ ಆದಾಗ, 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು) ಸುಮಾರಿಗೆ, ಕೆಲವೇ ನಿಮಿಷದಲ್ಲಿ ಮೂಗು ಸತ್ತುಹೋಗುತ್ತದೆ. ವಾಸನೆ ನಿಂತಿತು, ಗ್ಯಾಸ್ ಹೋಯಿತು ಅಂತ ಮನುಷ್ಯ ತಿಳಿಯುತ್ತಾನೆ. ಅಲ್ಲೇ ಬೀಳುತ್ತಾನೆ. ಆದ್ದರಿಂದ ಮೂಗನ್ನು ನಂಬುವ ಹಾಗಿಲ್ಲ. ಡಾಂಗರಿಗೆ ಸಿಕ್ಕಿಸಿಕೊಂಡ ಸಣ್ಣ ಮೀಟರ್ ಸಾಮಾನ್ಯವಾಗಿ 10 ಪಿಪಿಎಂಗೇ ಕೂಗಿಕೊಳ್ಳುತ್ತದೆ. ಅದು ಕೂಗಿದರೆ ಗಾಳಿಚೀಲ ಯಾವ ಕಡೆ ಹಾರುತ್ತಿದೆ ನೋಡಿ, ಗಾಳಿ ಬರುವ ದಿಕ್ಕಿಗೆ ಹೋಗಬೇಕು. ಈ ಗ್ಯಾಸ್ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂರುತ್ತದೆ. ಆದ್ದರಿಂದ ಮೇಲಕ್ಕೆ ಹೋಗಬೇಕು. ಪಕ್ಕದವನು ಬಿದ್ದರೆ ಎತ್ತಲು ಓಡಬಾರದು. ಕೇಳಲು ಕಲ್ಲೆದೆ ಅನ್ನಿಸುತ್ತದೆ, ಆದರೆ ಉಸಿರಿನ ಸಿಲಿಂಡರ್ ಹಾಕಿಕೊಳ್ಳದೆ ಹೋದವನು ಎರಡನೇ ಹೆಣ. ಗೋಬರ್ ಗ್ಯಾಸ್ ಗುಂಡಿಗೆ ಇಳಿದು ಒಬ್ಬರ ಹಿಂದೆ ಒಬ್ಬರು ಸಾಯುವ ಸುದ್ದಿ ಓದಿರುತ್ತೀರಿ. ಅಲ್ಲೂ ಈ ಗ್ಯಾಸಿನ ಪಾಲಿದೆ.

ಇದಕ್ಕೆ ಸೇರಿದ ಒಂದು ಚಿಲ್ಲರೆ ವಿಷಯ: ಗಡ್ಡ. ಉಸಿರಿನ ಮಾಸ್ಕ್ ಕೆನ್ನೆಗೆ ಒತ್ತಿ ಕೂರಬೇಕಾದರೆ ಮುಖ ನುಣ್ಣಗೆ ಇರಬೇಕು. ಈಗಿನ ಹುಡುಗರಿಗೆ ರಿಗ್‌ನಲ್ಲಿ ಮೊದಲ ಜಗಳ ಆಗುವುದೇ ಇದಕ್ಕೆ.

ಬಾವಿ ಕೊರೆಯುವಾಗ ಕೆಳಗಿನ ಒತ್ತಡ ಮೇಲೆ ನುಗ್ಗದಂತೆ ಮಡ್ ಅನ್ನುವ ಭಾರದ ದ್ರವ ತುಂಬಿಸಿರುತ್ತಾರೆ. ಮಡ್‌ನ ಭಾರ ಸಾಲದೆ ಹೋದರೆ ಗ್ಯಾಸ್ ಒಳಗೆ ಬರುತ್ತದೆ. ಅದಕ್ಕೆ ಕಿಕ್ ಅಂತಾರೆ. ಪಂಪ್ ನಿಲ್ಲಿಸಿದರೂ ಬಾವಿಯಿಂದ ಮಡ್ ಹರಿದು ಬರುವುದು, ತೊಟ್ಟಿಯ ಮಟ್ಟ ತಾನೇ ಏರುವುದು ಅದರ ಗುರುತು. ಆಗ ಬಿಓಪಿ ಅನ್ನುವ ದೊಡ್ಡ ವಾಲ್ವಿನ ಗೊಂಚಲಿನಿಂದ ಬಾವಿಯ ಬಾಯಿ ಮುಚ್ಚಬೇಕು. ಇದು ಡ್ರಿಲ್ಲರ್ ಕೆಲಸ, ನಿಮ್ಮ ಮಗನದ್ದಲ್ಲ. ಆದರೂ ತೊಟ್ಟಿ ಉಕ್ಕುವುದು ಕಂಡರೆ ಕೂಗಿ ಹೇಳುವಷ್ಟು ತಿಳಿದಿರಲಿ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಝನ್‌ನಲ್ಲಿ 11 ಜನ ಸತ್ತ ದಿನ, ಬಾವಿ ಭದ್ರವಾಗಿದೆಯಾ ಅಂತ ಪರೀಕ್ಷೆ ಮಾಡಿದ್ದರು. ಸೊನ್ನೆ ಇರಬೇಕಾದ ಕಡೆ ಡ್ರಿಲ್ ಪೈಪಿನ ಗೇಜ್ 1,400 ಪಿಎಸ್‌ಐ (ಇದು ಒತ್ತಡದ ಅಳತೆ) ತೋರಿಸುತ್ತಿತ್ತು. ಇನ್ನೊಂದು ಲೈನಿನಲ್ಲಿ ಹರಿವು ಕಾಣಲಿಲ್ಲ. ಗೇಜಿಗೆ ಏನೋ ಒಂದು ಕಾರಣ ಹೇಳಿಕೊಂಡು ಪರೀಕ್ಷೆ ಪಾಸ್ ಅಂದುಕೊಂಡರು. ಕೊನೆಗೆ ಬಿಓಪಿ ಕೂಡ ಬಾವಿಯನ್ನು ಮುಚ್ಚಲಿಲ್ಲ. ತಂತ್ರ ಗೊತ್ತಿದ್ದವರೇ ಅಲ್ಲಿದ್ದರು. ಬೇಡದ ಅಂಕಿಯನ್ನು ಬೇಡ ಅಂತ ತಳ್ಳಿದರು, ಅಷ್ಟೇ.

ಈಗ ಈಜಿನ ಪ್ರಶ್ನೆ. ಈಜು ಬಂದರೆ ಒಳ್ಳೆಯದು. ಬರದಿದ್ದರೂ ಕೆಲಸ ನಿಲ್ಲುವುದಿಲ್ಲ, ಲೈಫ್ ಜಾಕೆಟ್ ತೇಲಿಸುತ್ತದೆ. ಅದಕ್ಕಿಂತ ಮುಖ್ಯ ಹೆಲಿಕಾಪ್ಟರ್ ಪಾಠ. ಮುಂಬೈ ಹೈ ಅನ್ನುವ ತೈಲ ಕ್ಷೇತ್ರ ಇರುವುದು ತೀರದಿಂದ ಸುಮಾರು 160 ಕಿಲೋಮೀಟರ್ ಆಚೆ. ಮುಂಬೈನ ಜುಹುವಿನಿಂದ ಹೆಲಿಕಾಪ್ಟರಿನಲ್ಲಿ ಹೋಗುತ್ತಾರೆ. 2018ರ ಜನವರಿಯಲ್ಲಿ ಹೀಗೆ ಹೊರಟ ಹೆಲಿಕಾಪ್ಟರ್ ಬಿದ್ದು ಅದರಲ್ಲಿದ್ದ 7 ಜನರೂ ಹೋದರು. 2022ರ ಜೂನ್‌ನಲ್ಲಿ ಸಾಗರ್ ಕಿರಣ್ ರಿಗ್ ಹತ್ತಿರ ಇನ್ನೊಂದು ನೀರಿಗಿಳಿಯಿತು. 9 ಜನರಲ್ಲಿ 4 ಜನ ಸತ್ತರು, ಉಳಿದವರನ್ನು ಎತ್ತಿದರು.

ಹೆಲಿಕಾಪ್ಟರಿನ ಎಂಜಿನ್ ಮೇಲಿರುತ್ತದೆ. ನೀರಿಗೆ ಬಿದ್ದರೆ ಮಗುಚಿಕೊಳ್ಳುತ್ತದೆ. ಅದಕ್ಕೇ ತರಬೇತಿಯಲ್ಲಿ ಹೆಲಿಕಾಪ್ಟರ್ ಆಕಾರದ ಡಬ್ಬಿಯಲ್ಲಿ ಕೂರಿಸಿ, ಬೆಲ್ಟ್ ಹಾಕಿಸಿ, ಕೊಳದಲ್ಲಿ ಮುಳುಗಿಸಿ ತಲೆಕೆಳಗೆ ಮಾಡುತ್ತಾರೆ. ಮೂಗಿಗೆ ನೀರು ಏರುತ್ತದೆ. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯುವುದಿಲ್ಲ. ಗಾಬರಿಯಲ್ಲಿ ಎಲ್ಲರಿಗೂ ಮೊದಲು ಬೆಲ್ಟ್ ಬಿಚ್ಚಬೇಕು ಅನ್ನಿಸುತ್ತದೆ. ಬಿಚ್ಚಿದವನು ಡಬ್ಬಿಯೊಳಗೇ ತೇಲಿ ಕಿಟಕಿ ಎಲ್ಲಿತ್ತು ಅಂತ ಹುಡುಕುತ್ತಾನೆ. ಸರಿಯಾದ ಕ್ರಮ ಬೇರೆ. ಒಂದು ಕೈ ಕಿಟಕಿಯ ಅಂಚಿನಲ್ಲಿ, ಇನ್ನೊಂದು ಬೆಲ್ಟಿನ ಬಕಲ್ ಮೇಲೆ. ಉರುಳುವುದು ಪೂರ್ತಿ ನಿಲ್ಲುವವರೆಗೆ ಕಾಯಬೇಕು. ಕಿಟಕಿ ತಳ್ಳಿ ತೆಗೆಯಬೇಕು. ಬೆಲ್ಟ್ ಬಿಚ್ಚುವುದು ಆಮೇಲೆ. ಕಿಟಕಿ ಹಿಡಿದ ಕೈಯನ್ನು ಬಿಡದೆ, ಅದೇ ಕೈ ಜಾಡಿನಲ್ಲಿ ಹೊರಗೆ ಬರಬೇಕು. ಹೊಳೆಯಲ್ಲಿ ಮೀನಿನ ಹಾಗೆ ಈಜುವ ಹುಡುಗರು ಇಲ್ಲಿ ಎಡವುವುದನ್ನೂ, ಈಜು ಬಾರದವರು ತಣ್ಣಗೆ ಹೊರಗೆ ಬರುವುದನ್ನೂ ಎಷ್ಟೋ ಸಲ ನೋಡಿದ್ದೇನೆ. ಈ ಪಾಠ ಇರುವ ಕೋರ್ಸಿಗೆ ಬೋಸಿಯೆಟ್ ಅಂತ ಹೆಸರು. ಸುಮಾರು 3 ದಿನದ್ದು, ಸರ್ಟಿಫಿಕೇಟ್ 4 ವರ್ಷಕ್ಕೆ. ಬೆಂಕಿ ಆರಿಸುವುದು, ಹೊಗೆಯಲ್ಲಿ ತೆವಳಿ ಬರುವುದು, ಲೈಫ್‌ಬೋಟ್ ಹತ್ತುವುದು ಎಲ್ಲ ಅದರಲ್ಲೇ. ಸರ್ಕಾರಿ ತೈಲ ಕಂಪನಿ ಓಎನ್‌ಜಿಸಿಗೆ ಗೋವಾದ ಬೇತುಲ್‌ನಲ್ಲಿ ಇದಕ್ಕೆ ತನ್ನದೇ ಕೇಂದ್ರ ಇದೆ.

ರಿಗ್ ತಲುಪಿದ ದಿನವೇ ಮಗ ಒಂದು ಕೆಲಸ ಮಾಡಲಿ. ತನ್ನ ಮಂಚದಿಂದ ಲೈಫ್‌ಬೋಟಿನವರೆಗೆ ನಡೆದು ನೋಡಲಿ. ಎಷ್ಟು ಬಾಗಿಲು, ಯಾವುದು ಒಳಗೆ ತೆರೆಯುತ್ತದೆ, ಯಾವುದು ಹೊರಗೆ, ಮೆಟ್ಟಿಲಿನ ಕಂಬಿ ಯಾವ ಕೈಗೆ ಸಿಗುತ್ತದೆ ಅಂತ ಎಣಿಸಲಿ. ಆಮೇಲೆ ಕಣ್ಣು ಮುಚ್ಚಿಕೊಂಡು ಕಂಬಿ ಸವರುತ್ತಾ ಇನ್ನೊಮ್ಮೆ. ಎರಡನೇ ದಾರಿಯಲ್ಲೂ ಹಾಗೇ. ಹೊಗೆ ತುಂಬಿದ ಕಾರಿಡಾರಿನಲ್ಲಿ ಎಕ್ಸಿಟ್ ಬೋರ್ಡ್ ಕಾಣುವುದಿಲ್ಲ.

ನಮ್ಮದೇ ಸಮುದ್ರದ ಎರಡು ಘಟನೆ ಹೇಳಿ ಪ್ರಶ್ನೆಗಳಿಗೆ ಬರುತ್ತೇನೆ. 2005ರ ಜುಲೈ 27, ಜೋರು ಮಳೆಗಾಲ. ಸಮುದ್ರ ಸುರಕ್ಷಾ ಅನ್ನುವ ಸಹಾಯಕ ಹಡಗಿನ ಅಡುಗೆಯವರೊಬ್ಬರ ಬೆರಳಿಗೆ ಗಾಯ ಆಯಿತು. ಅವರನ್ನು ಚಿಕಿತ್ಸೆಗೆ ಮುಂಬೈ ಹೈ ನಾರ್ತ್ ಪ್ಲಾಟ್‌ಫಾರ್ಮಿಗೆ ದಾಟಿಸಬೇಕಿತ್ತು. ಹವೆ ಕೆಟ್ಟಿದ್ದರಿಂದ ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ಕ್ರೇನಿನ ಬುಟ್ಟಿಯಲ್ಲಿ ಎತ್ತಲು ಹಡಗು ಹತ್ತಿರ ಬಂತು. ಅಲೆಗೆ ತೂರಿ ಪ್ಲಾಟ್‌ಫಾರ್ಮಿಗೆ ತಾಗಿತು. ತಾಗಿದ್ದು ಗ್ಯಾಸ್ ಏರುವ ರೈಸರ್ ಪೈಪಿಗೆ. ಗ್ಯಾಸ್ ಸೋರಿ ಬೆಂಕಿ ಹತ್ತಿತು. ಸುಮಾರು ಎರಡು ಗಂಟೆಯಲ್ಲಿ ಇಡೀ ಪ್ಲಾಟ್‌ಫಾರ್ಮ್ ಇಲ್ಲವಾಯಿತು. 22 ಜನ ಹೋದರು, 362 ಜನರನ್ನು ಉಳಿಸಿದರು. ಗಾಯಾಳು ನೋವಿನಲ್ಲಿರುವಾಗ 'ಈ ಅಲೆಯಲ್ಲಿ ಬೇಡ, ಕಾಯೋಣ' ಅನ್ನುವುದು ಎಷ್ಟು ಕಷ್ಟ ಅಂತ ಯೋಚಿಸಿ.

ಇನ್ನೊಂದು 2021ರ ಮೇ ತಿಂಗಳಿನದು, ತೌಕ್ತೆ ಚಂಡಮಾರುತ. ನಿಮಗೆ ಇದು ಹೆಚ್ಚು ಮುಖ್ಯ, ಯಾಕೆಂದರೆ ಅಲ್ಲಿ ಸತ್ತವರಲ್ಲಿ ಹೆಚ್ಚಿನವರು ನಿಮ್ಮ ಮಗನ ಹಾಗೆ ಗುತ್ತಿಗೆಯ ಕೆಲಸದವರು. ಪಿ-305 ಅನ್ನುವುದು ಕೆಲಸಗಾರರು ಮಲಗುವ ಬಾರ್ಜ್. ಅದಕ್ಕೆ ಸ್ವಂತ ಎಂಜಿನ್ ಇಲ್ಲ, ಟಗ್ ಬಂದು ಎಳೆಯಬೇಕು. 261 ಜನ ಇದ್ದರು. ಚಂಡಮಾರುತ ಬರುತ್ತದೆ ಅಂತ ಹವಾಮಾನ ಇಲಾಖೆ ದಿನಗಳ ಮೊದಲೇ ಹೇಳಿತ್ತು. ಬಾರ್ಜ್ ಬಂದರಿಗೆ ಹೋಗದೆ ಅಲ್ಲೇ ಹತ್ತಿರದಲ್ಲಿ ಲಂಗರು ಹಾಕಿ ನಿಂತಿತು. ಗಾಳಿಗೆ ಲಂಗರು ಕಿತ್ತುಬಂದು, ಪ್ಲಾಟ್‌ಫಾರ್ಮಿಗೆ ಬಡಿದು, ಮೇ 17ರಂದು ಮುಳುಗಿತು. ಸತ್ತವರು 70ಕ್ಕೂ ಜಾಸ್ತಿ. ನೌಕಾಪಡೆ ಉಳಿಸಿದವರಲ್ಲಿ ಬಹಳ ಜನ ಲೈಫ್ ಜಾಕೆಟ್ ಹಾಕಿಕೊಂಡು, ಒಬ್ಬರ ಕೈ ಒಬ್ಬರು ಹಿಡಿದು, ಗಂಟೆಗಟ್ಟಲೆ ತೇಲಿದವರು.

ಆದ್ದರಿಂದ ಗುತ್ತಿಗೆದಾರರಿಗೆ ನಿಮ್ಮ ಮೊದಲ ಪ್ರಶ್ನೆ ಸಂಬಳದ್ದಲ್ಲ. 'ಹುಡುಗ ರಾತ್ರಿ ಎಲ್ಲಿ ಮಲಗುತ್ತಾನೆ?' ಅಂತ ಕೇಳಿ. ರಿಗ್ ಮೇಲಾ, ಪ್ಲಾಟ್‌ಫಾರ್ಮ್ ಮೇಲಾ, ಬಾರ್ಜಿನಲ್ಲಾ? ಬಾರ್ಜ್ ಆದರೆ ಸ್ವಂತ ಎಂಜಿನ್ ಇದೆಯಾ? ಚಂಡಮಾರುತದ ಎಚ್ಚರಿಕೆ ಬಂದರೆ ಯಾವ ಬಂದರಿಗೆ, ಎಷ್ಟು ದಿನ ಮೊದಲು ಹೊರಡುತ್ತದೆ? ನಿರ್ಧಾರ ಯಾರದ್ದು? ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಜಾಸ್ತಿ ಬರುವುದು ಮೇ-ಜೂನ್ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ. ಮಳೆಗಾಲಕ್ಕೆ ಮೊದಲು ಕೆಲಸ ಮುಗಿಸುವ ಆತುರ ಇರುವುದೂ ಮೇ ತಿಂಗಳಲ್ಲೇ. ಈ ಎರಡು ಒಟ್ಟಿಗೆ ಬರುವುದನ್ನು ನೆನಪಿಡಿ.

ಎರಡನೆಯದು, ಅವನು ಕಾಗದದ ಮೇಲೆ ಯಾರ ಕೆಲಸಗಾರ? ಗುತ್ತಿಗೆದಾರನ ಕೆಳಗೆ ಇನ್ನೊಬ್ಬ, ಅವನ ಕೆಳಗೆ ಮತ್ತೊಬ್ಬ ಇದ್ದರೆ, ಏನಾದರೂ ಆದ ದಿನ ಯಾರೂ ಫೋನ್ ಎತ್ತುವುದಿಲ್ಲ. ನೇಮಕ ಪತ್ರ, ಪಿಎಫ್, ಅಪಘಾತ ವಿಮೆಯ ಪಾಲಿಸಿ ಪ್ರತಿ, ಗಾಯ ಆದರೆ ದಡಕ್ಕೆ ತರುವ ಖರ್ಚು ಯಾರದ್ದು ಅನ್ನುವುದು, ಎಲ್ಲ ಬರಹದಲ್ಲಿ ಇರಲಿ. ಪ್ರತಿಯೊಂದರ ನಕಲು ಮನೆಯಲ್ಲಿ ಇರಲಿ.

ಮೂರನೆಯದು, ತರಬೇತಿ ಯಾವಾಗ, ಎಲ್ಲಿ? 'ಈಗ ಹೋಗಲಿ, ಸರ್ಟಿಫಿಕೇಟ್ ಆಮೇಲೆ ಮಾಡಿಸೋಣ' ಅಂದರೆ ಫೋನ್ ಇಟ್ಟುಬಿಡಿ. ದುಡ್ಡಿಗೆ ಕೋರ್ಸ್ ಮಾಡದೆಯೇ ಸರ್ಟಿಫಿಕೇಟ್ ಕೊಡುವವರೂ ಇದ್ದಾರೆ. ಅದು ನಕಲಿ ಡ್ರೈವಿಂಗ್ ಲೈಸೆನ್ಸಿಗಿಂತ ಕೆಟ್ಟದ್ದು, ಕಿಟಕಿ ತೆಗೆಯಲು ಬಾರದವನೇ ಮುಳುಗುವುದು.

ದುಡ್ಡಿನ ವಿಷಯವೂ ಹೇಳಿಬಿಡುತ್ತೇನೆ. ಕೆಲಸ ಕೊಡಲು ಲಕ್ಷ ಕೇಳಿದರೆ ಅದು ಕೆಲಸ ಅಲ್ಲ, ಮೋಸ. ನಿಮ್ಮದು ಮುಂಬೈ ಕೆಲಸ, ಸರಿ. ಆದರೆ ಸ್ವಲ್ಪ ಅನುಭವ ಆದ ಮೇಲೆ ಕೊಲ್ಲಿ ದೇಶಗಳಿಗೆ ಕರೆ ಬರುತ್ತದೆ. ಹೊರದೇಶಕ್ಕೆ ಕಳಿಸುವ ಏಜೆಂಟರಿಗೆ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕು. ಇ-ಮೈಗ್ರೇಟ್ ಜಾಲತಾಣದಲ್ಲಿ ಆ ಹೆಸರು ಇದೆಯಾ ನೋಡಬಹುದು. ಅವರು ಸೇವಾಶುಲ್ಕ ಅಂತ ತೆಗೆದುಕೊಳ್ಳಬಹುದಾದದ್ದು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ರಶೀದಿ ಸಮೇತ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸೋಣ ಅನ್ನುವವರ ಹತ್ತಿರ ಕೂರಲೂ ಬೇಡಿ.

ಮೈ ವಿಷಯ. ವೈದ್ಯಕೀಯ ಪರೀಕ್ಷೆಯಲ್ಲಿ ಅಸ್ತಮಾ, ಫಿಟ್ಸ್, ಹಳೆ ಬೆನ್ನುನೋವು ಏನಿದ್ದರೂ ಮುಚ್ಚಿಡುವುದು ಬೇಡ. ಅಲ್ಲಿ ಒಬ್ಬ ಮೆಡಿಕ್ ಇರುತ್ತಾರೆ, ಆಸ್ಪತ್ರೆ ಇರುವುದಿಲ್ಲ. ಪಾಳಿ 12 ಗಂಟೆಯದು. ಕೊಡಗಿನ ತಂಪಿಗೆ ಒಗ್ಗಿದ ಮೈಗೆ ಏಪ್ರಿಲ್‌ನ ಕಬ್ಬಿಣದ ಡೆಕ್ ಅಂದರೆ ಬಾಣಲೆ. ಬಾಯಾರುವವರೆಗೆ ಕಾಯದೆ ನೀರು ಕುಡಿಯುತ್ತಿರಬೇಕು. ಕುಡಿತ ಅಲ್ಲಿ ಪೂರ್ತಿ ನಿಷೇಧ. ಹೆಲಿಕಾಪ್ಟರ್ ಹತ್ತುವ ಮೊದಲೇ ಊದಿಸಿ ನೋಡುವುದುಂಟು. ನಮ್ಮ ಕಡೆಯ ಮದುವೆ ಮುಗಿಸಿ ರಾತ್ರಿ ಬಸ್ಸಿಗೆ ಮೈಸೂರು, ಬೆಳಗ್ಗೆ ವಿಮಾನ, ಮಧ್ಯಾಹ್ನ ಜುಹು ಅಂತ ಬಂದ ಒಬ್ಬರನ್ನು ಅಲ್ಲಿಂದಲೇ ವಾಪಸ್ ಕಳಿಸಿದ್ದು ನೋಡಿದ್ದೇನೆ. ಕೆಲಸವೂ ಹೋಯಿತು.

ಮನಸ್ಸಿನ ವಿಷಯ ಹುಡುಗರು ಹೇಳಿಕೊಳ್ಳುವುದಿಲ್ಲ. ಮನೆಯ ಜಗಳ, ಸಾಲದ ತಲೆಬಿಸಿ ಫೋನಿನಲ್ಲಿ ಕೇಳಿದವನು ಮಾರನೆಯ ದಿನ ಕ್ರೇನಿನ ಹಗ್ಗ ಹಿಡಿಯುತ್ತಾನೆ. ಅವಸರ ಇಲ್ಲದ ಸುದ್ದಿಯನ್ನು ಅವನು ಮನೆಗೆ ಬಂದ ಮೇಲೆ ಹೇಳಿ.

ಕೊನೆಗೆ ಹುತ್ತರಿ. ರಜೆ ಅಲ್ಲಿ ಹಬ್ಬ ನೋಡಿ ಬರುವುದಿಲ್ಲ, ಸರದಿ ನೋಡಿ ಬರುತ್ತದೆ. ಕೆಲವು ಕಡೆ 14 ದಿನ ಕೆಲಸ 14 ದಿನ ಮನೆ, ಗುತ್ತಿಗೆಯಲ್ಲಿ ಹೆಚ್ಚಾಗಿ 28 ದಿನ ಕೆಲಸ 28 ದಿನ ಮನೆ. ಇದು ಸಂಬಳ ಸಹಿತ ರಜೆಯಾ ಅಲ್ವಾ ಅಂತಲೂ ಒಪ್ಪಂದದಲ್ಲಿ ನೋಡಿ, ಕೆಲವರು ಕೆಲಸದ ದಿನಕ್ಕೆ ಮಾತ್ರ ಕೊಡುತ್ತಾರೆ. ಸರದಿ ಹೊಂದಿದರೆ ಹುತ್ತರಿ ಸಿಗುತ್ತದೆ, ಇಲ್ಲವಾದರೆ ಕೈಲ್ ಮುಹೂರ್ತ. ಬದಲಿ ಬರುವವನ ಜೊತೆ ಮೊದಲೇ ಮಾತಾಡಿಕೊಂಡರೆ ಕೆಲವು ದಿನ ಆಚೆ ಈಚೆ ಮಾಡಿಕೊಳ್ಳಬಹುದು. ಆದರೆ ಇಳಿಯುವ ದಿನದ ಮಾರನೆಯ ದಿನಕ್ಕೆ ಮಾತ್ರ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ. ಮಳೆಗಾಲದಲ್ಲಿ ಹೆಲಿಕಾಪ್ಟರ್ ಮೂರು ನಾಲ್ಕು ದಿನ ಹಾರದೆ ಇರುವುದು ಮಾಮೂಲು, ಅಂಥಾ ದಿನ ಹೇಗಾದರೂ ಹಾರಲಿ ಅಂತ ಇಲ್ಲಿಂದ ನೀವೂ ಫೋನ್ ಮಾಡಿ ಅವಸರ ಮಾಡಬೇಡಿ.